ಉದ್ದ ದಂಡಿಯ ಬ್ಯಾಂಜೊ ಅಳೆದವರು

“ಸುಮಾರು” ಅನ್ನೋ ಪದ ಅವರ ಮುಂದೆ ಬಾಯಿಂದ ಬಿತ್ತೋ, ಮುಗೀತು ಕಥೆ. ನನಗೆ ಅದು ಗೊತ್ತಾಗಿದ್ದು ಅಮೆರಿಕದ ಡೆಟ್ರಾಯ್ಟ್ ಪಕ್ಕದ ಲಿವೋನಿಯಾದ ಕಾರ್ಖಾನೆಗೆ ಸೇರಿದ ಮೂರನೇ ದಿನ. ಕಾರಿನ ಬ್ರೇಕ್ ಭಾಗಗಳನ್ನು ಅಳೆದು ಪಾಸು, ಫೇಲು ಅಂತ ಹೇಳುವ ಲ್ಯಾಬ್ ಅದು. ಅವರು ಅಲ್ಲಿ ಎಲ್ಲರಿಗಿಂತ ಹಿರಿಯರು, ಮೈಸೂರಿನವರು. ನಾನು ಬೆಂಗಳೂರಿನಿಂದ ಬಂದು, ಮಾಸ್ಟರ್ಸ್ ಮುಗಿಸಿ, ಎಲ್ಲಾ ಗೊತ್ತಿದೆ ಅನ್ನೋ ಧಿಮಾಕಿನಲ್ಲಿ ಇದ್ದವಳು. ಕೈಯಲ್ಲಿದ್ದ ಪಿನ್ನು ತೋರಿಸಿ “ಎಷ್ಟಿದೆಯಮ್ಮಾ?” ಅಂದರು. “ಸುಮಾರು ಹನ್ನೆರಡು ಮಿಲಿಮೀಟರ್ ಸಾರ್” ಅಂದೆ.

ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೋಡು ತಾಯಿ, ಸಿನಿಮಾ ಹೇಗಿತ್ತು ಅಂತ ಕೇಳಿದ್ರೆ ‘ಸುಮಾರಾಗಿತ್ತು’ ಅಂತೀವಿ. ಹಾಗಂದ್ರೆ ಏನು? ಚೆನ್ನಾಗಿರಲಿಲ್ಲ ಅಂತ. ಅಳತೇಲಿ ಸುಮಾರು ಅಂದ್ರೂ ಅದೇ ಅರ್ಥ. ಹೋಗಿ ಇನ್ನೊಂದ್ಸಲ ಅಳೆದು ಬಾ.”

ಅಳೆದು ಬಂದೆ. ಇನ್ನೊಂದ್ಸಲ ಕಳಿಸಿದರು. ಮೂರನೇ ಸಲ ಬರುವಾಗ ಮನಸ್ಸಿನಲ್ಲೇ ಅವರಿಗೆ ಏನೇನು ಹೆಸರಿಟ್ಟೆ ಅಂತ ಇಲ್ಲಿ ಬರೆಯೋ ಹಾಗಿಲ್ಲ. ಅವರ ನಿಜವಾದ ಹೆಸರೂ ಬರೆಯೋದಿಲ್ಲ. ಅಮೆರಿಕದಲ್ಲಿ ಮೂವತ್ತು ಚಿಲ್ಲರೆ ವರ್ಷ ತಮ್ಮ ಹೆಸರಿನ ಸ್ಪೆಲಿಂಗ್ ತಿದ್ದಿ ತಿದ್ದಿ ಬೇಸತ್ತಿದ್ದರು ಪಾಪ. ನಾನು ಅವರನ್ನು ಕೊನೇವರೆಗೂ “ಸಾರ್” ಅಂತಲೇ ಕರೆದೆ. ಮಿಕ್ಕ ಕನ್ನಡದವರಿಗೆಲ್ಲ ಅವರು “ವೀಣೆ ಅಂಕಲ್.”

ವೀಣೆ ಅಂಕಲ್ ಅಂದರೆ ವೀಣೆ ನುಡಿಸುತ್ತಿದ್ದರು ಅಂದುಕೊಳ್ಳಬೇಡಿ. ಒಂದು ಸರಳೆ ವರಸೆ ನುಡಿಸಿ ಅಂದರೂ ಕೈಮುಗಿಯುತ್ತಿದ್ದರು. “ನಂಗೆ ಸಂಗೀತ ಬರಲ್ಲಮ್ಮಾ, ಶ್ರುತಿ ಬರುತ್ತೆ ಅಷ್ಟೆ” ಅನ್ನೋರು. ಅವರದು ಮೈಸೂರಲ್ಲಿ ವೀಣೆ ಮಾಡುತ್ತಿದ್ದ ಮನೆತನ. ಅವರ ತಂದೆ ಮೇಳ ಕಟ್ಟುವುದರಲ್ಲಿ ಹೆಸರು ಮಾಡಿದವರು. ಮೇಳ ಕಟ್ಟೋದು ಅಂದರೆ ವೀಣೆಯ ದಂಡಿಯ ಮೇಲೆ ಕರಿ ಮೇಣ ಹಾಕಿ, ಅದರ ಮೇಲೆ ಇಪ್ಪತ್ತನಾಲ್ಕು ಹಿತ್ತಾಳೆ ಮೆಟ್ಟಿಲುಗಳನ್ನು ಒಂದೊಂದಾಗಿ, ಕಿವಿಯಿಂದಲೇ ಜಾಗ ನೋಡಿ ಕೂರಿಸೋದು. ಮಗ ಎಂಜಿನಿಯರಿಂಗ್ ಓದಿ ಡೆಟ್ರಾಯ್ಟ್ ಕಡೆ ಬಂದು ಕಾರಿನ ಭಾಗ ಅಳೆಯೋ ಕೆಲಸ ಹಿಡಿದರೂ ಆ ಮೇಣದ ವಾಸನೆ ಬಿಡಲಿಲ್ಲ. ಲಿವೋನಿಯಾದ ಮನೆಯ ಬೇಸ್‌ಮೆಂಟಿನಲ್ಲಿ ವಾಷಿಂಗ್ ಮಷೀನಿನ ಪಕ್ಕದಲ್ಲೇ ಒಂದು ಬೆಂಚು, ಸಣ್ಣ ಸ್ಟೋವು, ಮೇಣದ ಡಬ್ಬ. ಮೇಲಿಂದ ಅವರ ಹೆಂಡತಿ, ನಮ್ಮ ಆಂಟಿ, “ಮತ್ತೆ ಆ ಮೇಣ ಕಾಯಿಸ್ತಿದೀರಾ? ಸ್ಮೋಕ್ ಅಲಾರಂ ಹೊಡ್ಕೊಳ್ಳುತ್ತೆ!” ಅಂತ ಕೂಗೋರು. ಒಂದೆರಡು ಸಲ ಹೊಡ್ಕೊಂಡಿದ್ದೂ ಉಂಟು.

ಈ ಊರುಗಳ ಚಳಿಗಾಲ ವೀಣೆಗೆ ಶತ್ರು. ಹೀಟರ್ ಹಾಕಿದ ಮನೆಯ ಒಣ ಗಾಳಿಗೆ ಮರ ಬಿರುಕು ಬಿಡುತ್ತೆ, ಮೇಣ ಕಲ್ಲಾಗುತ್ತೆ, ಮೆಟ್ಟಿಲು ಜರುಗುತ್ತೆ. ರಾಚೆಸ್ಟರ್ ಹಿಲ್ಸ್‌ನಿಂದ, ಆ್ಯನ್ ಆರ್ಬರ್‌ನಿಂದ ಜನ ಹೊತ್ತುಕೊಂಡು ಬರೋರು. ಒಮ್ಮೆ ಶಿಕಾಗೋ ಹತ್ತಿರದ ನೇಪರ್‌ವಿಲ್‌ನಿಂದ ಒಬ್ಬ ಅಮ್ಮ, ಹದಿನೈದರ ಮಗಳ ಜೊತೆ ನಾಲ್ಕೂವರೆ ಗಂಟೆ ಡ್ರೈವ್ ಮಾಡಿಕೊಂಡು ಬಂದರು. “ಅಂಕಲ್, ಮುಂದಿನ ಶನಿವಾರ ಪ್ರೋಗ್ರಾಂ ಇದೆ. ಇವತ್ತೇ ಸ್ವಲ್ಪ ಅಡ್ಜಸ್ಟ್ ಮಾಡಿಕೊಟ್ಬಿಡಿ” ಅಂದರು. ಸಾರ್ ಆ ಅಮ್ಮನ ಕಡೆ ತಿರುಗಿಯೂ ನೋಡದೆ ಹುಡುಗಿಯನ್ನ ಕೇಳಿದರು, “ಏನು ತೊಂದರೆ ಪುಟ್ಟಾ, ನೀನು ಹೇಳು.” ಅವಳು ಇಂಗ್ಲಿಷಿನಲ್ಲಿ, ಮೂರನೇ ಮೆಟ್ಟಿಲು ಒಂಚೂರು ಇಳಿದಿದೆ, ಬೇರೆ ಯಾರಿಗೂ ಕೇಳಿಸ್ತಾ ಇಲ್ಲ ಅಂದಳು. ಇವರ ಮುಖ ಅರಳಿತು ನೋಡಿ! ಅಮ್ಮನ ಕಡೆ ತಿರುಗಿ, “ಇವಳಿಗೆ ಕಿವಿ ಇದೆ. ನಿಮಗೆ ಅವಸರ ಇದೆ. ವೀಣೆ ಹತ್ತು ದಿನ ಇಲ್ಲೇ ಇರುತ್ತೆ” ಅಂದುಬಿಟ್ಟರು. ಪ್ರೋಗ್ರಾಮಿಗೆ ಹುಡುಗಿ ಬೇರೆಯವರ ವೀಣೆ ನುಡಿಸಬೇಕಾಯಿತು. ಅಮ್ಮ ಒಂದು ವರ್ಷ ಮಾತು ಬಿಟ್ಟರು, ಆದರೆ ಮುಂದಿನ ಚಳಿಗಾಲಕ್ಕೆ ಮತ್ತೆ ವೀಣೆ ತಂದರು.

ಕಳೆದ ಫೆಬ್ರವರಿಯಲ್ಲಿ ಸಾರ್ ಹೋಗಿಬಿಟ್ಟರು. ಅಂದಿನಿಂದ ಯಾರೇ ಸಿಕ್ಕರೂ ವೀಣೆಗಳ ವಿಷಯ ಮಾತಾಡುತ್ತಾರೆ. ನನಗೆ ಮಾತ್ರ ನೆನಪಾಗೋದು ವೀಣೆಯಲ್ಲ, ಒಂದು ಹಳೇ ಬ್ಯಾಂಜೊ. ಅದರ ಮುಂದೆ ಕೂತ ಆ ಕೆಲವು ಶನಿವಾರಗಳಲ್ಲಿ ನಾನು ಕಲಿತಷ್ಟನ್ನು ಎರಡು ಯೂನಿವರ್ಸಿಟಿಗಳೂ ಕಲಿಸಲಿಲ್ಲ.

ಅವರು ಆಗಲೇ ರಿಟೈರ್ ಆಗಿದ್ದರು. ಬಲಗೈ ನಡುಗೋಕೆ ಶುರುವಾಗಿತ್ತು. ಹಾಗಾಗಿ ನಾನು ಶನಿವಾರ ಹೋಗಿ ಕ್ಯಾಲಿಪರ್ ಹಿಡಿಯುತ್ತಿದ್ದೆ. “ಕೈ ನಿಂದು, ಕಣ್ಣು ನಿಂದು, ಬೈಗುಳ ನಂದು” ಅಂತ ಒಪ್ಪಂದ. ಬೈಗುಳದಲ್ಲಿ ಮಾತ್ರ ಅವರು ಯಾವತ್ತೂ ಕಡಿಮೆ ಮಾಡಲಿಲ್ಲ.

ಒಂದು ಶನಿವಾರ ಎದುರು ಮನೆಯ ಅಜ್ಜಿ ಬಂದರು. ಎಂಬತ್ತು ದಾಟಿದ ಅಮೆರಿಕನ್ ಹೆಂಗಸು, ಗಂಡ ತೀರಿಕೊಂಡು ವರ್ಷವಾಗಿತ್ತು. ಒಂದು ಉದ್ದನೆಯ ಪೆಟ್ಟಿಗೆಯನ್ನು ಮೊಮ್ಮಗುವನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡಿದ್ದರು. ಒಳಗೆ ಬ್ಯಾಂಜೊ. ದೊಡ್ಡ ಖಂಜಿರಕ್ಕೆ ಕೋಲು ಸಿಕ್ಕಿಸಿ ಐದು ತಂತಿ ಬಿಗಿದರೆ ಹೇಗಿರುತ್ತೋ ಹಾಗೆ. ಆದರೆ ಇದರ ದಂಡಿ ಮಾಮೂಲಿಗಿಂತ ಉದ್ದ. ಬೇರೆ ಬ್ಯಾಂಜೊಗಳಿಗೆ ಇಪ್ಪತ್ತೆರಡು ಮೆಟ್ಟಿಲಾದರೆ ಇದಕ್ಕೆ ಇಪ್ಪತ್ತೈದು. ದಪ್ಪ ಗಂಟಲಿನವರು ಕೆಳಗಿನ ಶ್ರುತಿಯಲ್ಲಿ ಹಾಡಲಿ ಅಂತ ಒಂದು ಕಾಲದಲ್ಲಿ ಇಂಥವು ಬಂದವಂತೆ. ಸಾರ್ ಬೆರಳಿಟ್ಟು ಎಣಿಸಿದರು. “ನಮ್ಮ ವೀಣೆಗೆ ಇಪ್ಪತ್ತನಾಲ್ಕು. ಇವರು ಒಂದು ಜಾಸ್ತಿ ಇಟ್ಕೊಂಡಿದಾರೆ ನೋಡು” ಅಂತ ನನಗೆ ಕನ್ನಡದಲ್ಲಿ ಗೊಣಗಿದರು.

ಅಜ್ಜಿಗೆ ಬೇಕಾಗಿದ್ದು ರಿಪೇರಿ ಮಾತ್ರ ಅಲ್ಲ. ಅವರ ಗಂಡ ಡೆಟ್ರಾಯ್ಟಿನ ಒಂದು ಎರಕದ ಕಾರ್ಖಾನೆಯಲ್ಲಿ ಮರದ ಕೆಲಸ ಮಾಡುತ್ತಿದ್ದರು. ಮದುವೆಯಾದ ಹೊಸದರಲ್ಲಿ ದಂಡಿ ಮುರಿದ ಬ್ಯಾಂಜೊ ಒಂದನ್ನು ಕೊಂಡು, ಯೂನಿಯನ್ ಸಭೆಯಲ್ಲಿ ಯಾರೋ ಗಾಯಕನ ಹತ್ತಿರ ಕಂಡ ಉದ್ದ ದಂಡಿಯ ಅಳತೆ ಬರೆದುಕೊಂಡು ಬಂದು, ಊಟದ ಬಿಡುವಿನಲ್ಲಿ ಈ ದಂಡಿಯನ್ನು ತಾನೇ ಕೆತ್ತಿದ್ದು ಅಂತ ಜೀವಮಾನ ಪೂರ್ತಿ ಹೇಳಿಕೊಂಡು ಬಂದಿದ್ದರು. ಮುರಿದ ದಂಡಿಯ ತಲೆಯಲ್ಲಿದ್ದ ಕಂಪನಿಯ ಗುರುತಾದ ಮುತ್ತಿನ ಚಿಪ್ಪಿನ ಹೂವನ್ನೂ ಕಿತ್ತು ಹೊಸದಕ್ಕೆ ಕೂರಿಸಿದರಂತೆ. ಈಗ ನೇಪರ್‌ವಿಲ್‌ನಲ್ಲಿರುವ ಮಗ ಅದನ್ನು ಶಿಕಾಗೋ ಕಡೆಯ ಯಾವುದೋ ಅಂಗಡಿಯಲ್ಲಿ ತೋರಿಸಿದ್ದಾನೆ. ಅವರು ನೋಡಿ, ಇದು ಕಂಪನಿಯದೇ ದಂಡಿ, ಸಂಶಯವೇ ಇಲ್ಲ, ಅಪರೂಪದ್ದು, ಒಳ್ಳೇ ಬೆಲೆ ಬರುತ್ತೆ ಅಂತ ಬರೆದುಕೊಟ್ಟಿದ್ದಾರೆ. ಮಗನಿಗೆ ಖುಷಿ. ಅಪ್ಪ ಸುಮ್ಮನೆ ಜಂಬ ಕೊಚ್ಚಿಕೊಳ್ಳುತ್ತಿದ್ದರು, ಇರಲಿ ಬಿಡು ಅಂತ ನಕ್ಕಿದ್ದಾನೆ.

“ನನಗೆ ಬೆಲೆ ಬೇಡ” ಅಂದರು ಅಜ್ಜಿ. “ಆ ಕಥೆ ಶುರುವಾದಾಗೆಲ್ಲ ನಾನೂ ಕಣ್ಣು ತಿರುಗಿಸಿದ್ದೀನಿ. ನೆಂಟರ ಮುಂದೆ ‘ಸಾಕು ನಿಲ್ಲಿಸು’ ಅಂದಿದ್ದೀನಿ. ಆದರೆ ಅವನು ನನಗೆ ಸುಳ್ಳು ಹೇಳಿದನಾ, ಇಲ್ಲವಾ? ಅದೊಂದು ಗೊತ್ತಾಗಬೇಕು.”

ಸಾರ್ “ಯಾವ ಕಡೆ ಬಂದರೂ ಹೇಳಿಬಿಡ್ತೀನಿ. ಪರವಾಗಿಲ್ವಾ?” ಅಂತ ಕೇಳಿದರು. ಅಜ್ಜಿ ಹೂಂ ಅಂದರು.

ರಿಪೇರಿ ಅಂತೂ ಹಬ್ಬ. ಹರಿದ ಚರ್ಮ ತೆಗೆದು ಹೊಸದು ಹಾಕಿದೆವು. ಸುತ್ತಲಿನ ಕೊಕ್ಕೆಗಳ ನಟ್ಟುಗಳನ್ನು ಕಾರಿನ ಚಕ್ರ ಬಿಗಿಯುವ ಹಾಗೆ ಎದುರುಬದುರಾಗಿ, ಒಂದೊಂದಕ್ಕೆ ಕಾಲು ಸುತ್ತು ಮಾತ್ರ ಬಿಗಿಯಬೇಕು. ನಾನು ಅವಸರಕ್ಕೆ ಒಂದಕ್ಕೆ ಅರ್ಧ ಸುತ್ತು ಕೊಟ್ಟೆ. “ಮದುವೆ ಮನೇಲಿ ಊಟಕ್ಕೆ ನಿಂತಿದೀಯಾ?” ಅಂತ ಬೈದು ಎಲ್ಲವನ್ನೂ ಸಡಿಲಿಸಿ ಮೊದಲಿಂದ ಮಾಡಿಸಿದರು. ತುಕ್ಕು ಉಜ್ಜಿದೆವು, ಬಿರಡೆ ಬಿಡಿಸಿದೆವು. ಬ್ಯಾಂಜೊದ ಐದನೇ ತಂತಿ ಗಿಡ್ಡ, ಅದು ಒಂದೇ ಸ್ವರದಲ್ಲಿ ಮೊಳಗುತ್ತಾ ಇರುತ್ತೆ. ಅದು ಕೇಳಿದ್ದೇ ತಡ, ಸಾರ್‌ಗೆ ತಂಬೂರಿ ನೆನಪಾಯಿತು. ತಂಬೂರಿಗೆ ಜೀವ ಅಂತ, ತಂತಿಗಳನ್ನು ಹೊರುವ ಕುದುರೆಯ ಮೇಲೆ ತಂತಿಯಡಿ ಹತ್ತಿ ದಾರ ಇಡುತ್ತಾರಲ್ಲ, ಹಾಗೆ ಇದಕ್ಕೂ ಒಂದೆಳೆ ದಾರ ಸಿಕ್ಕಿಸಿದರು. ಝೊಂಯ್ ಅಂತ ಶುರುವಾಯಿತು. ನೋಡೋಕೆ ಬಂದಿದ್ದ ಅಜ್ಜಿ, “ಡಬ್ಬದೊಳಗೆ ಜೇನುನೊಣ ಸಿಕ್ಕಿಕೊಂಡಿದೆಯಾ?” ಅಂತ ಕೇಳಿದರು. ನಾನು ನಗು ತಡೆಯಲಾರದೆ ಮೇಲೆ ಓಡಿದೆ. ಸಾರ್ ಮುಖ ಗಂಟು ಹಾಕಿಕೊಂಡು ದಾರ ತೆಗೆದರು.

ದಂಡಿಯ ವಿಷಯ ಮಾತ್ರ ಮುಂದೆ ಹೋಗಲಿಲ್ಲ. ಟಾರ್ಚು ಹಿಡಿದು ನೋಡಿದೆವು, ಭೂತಗನ್ನಡಿ ಹಿಡಿದು ನೋಡಿದೆವು. ಎಲ್ಲೂ ಅಂಟಿಸಿದ ಗುರುತಿಲ್ಲ, ಉಳಿಯ ಗೀರಿಲ್ಲ. ಅಷ್ಟು ನಯವಾದ ಕೆಲಸ. ಕಂಪನಿಯದ್ದೇ ಇರಬೇಕು ಅಂತ ನನಗೂ ಅನ್ನಿಸಿತು. ಅದರ ನಡುವೆ ಮಗ ಫೋನ್ ಮಾಡಿದ. ಕೆಟ್ಟವನೇನಲ್ಲ. ಅಮ್ಮ ಆ ದೊಡ್ಡ ಮನೆ ಬಿಟ್ಟು ತನ್ನ ಹತ್ತಿರ ಬರಲಿ ಅಂತ ಓಡಾಡುತ್ತಿದ್ದವನು. “ಅಂಗಡಿಯವರು ಬರೆದುಕೊಟ್ಟಾಗಿದೆ. ನೀವು ರಿಪೇರಿ ಮಾತ್ರ ಮಾಡಿಕೊಟ್ಟರೆ ಸಾಕು” ಅಂದ. ಸಾರ್ “ನೋಡೋಣ” ಅಂತ ಇಟ್ಟರು.

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. “ಸಾರ್, ಏನೇ ಆಗಿರಲಿ, ನಿಮ್ಮ ಯಜಮಾನರೇ ಮಾಡಿದ್ದು ಅಂತ ಹೇಳಿಬಿಡಿ. ಪಾಪ, ಅಜ್ಜಿಗೆ ಸಮಾಧಾನ ಆಗುತ್ತೆ. ಯಾರಿಗೇನು ನಷ್ಟ?” ಅಂದೆ.

ಅವರಿಗೆ ಬಂದ ಸಿಟ್ಟು! ನನ್ನ ಕೈಲಿದ್ದ ಕ್ಯಾಲಿಪರ್ ಕಸಿದುಕೊಂಡರು. “ಬಾಯಿಗೆ ಬಂದಿದ್ದು ಹೇಳೋಕೆ ಇದ್ಯಾಕೆ ಬೇಕು? ಆಯಮ್ಮ ಸಮಾಧಾನ ಕೇಳೋಕೆ ಬಂದಿದ್ರೆ ಚರ್ಚಿಗೆ ಹೋಗ್ತಿದ್ರು. ನಮ್ಮ ಹತ್ರ ಬಂದಿರೋದು ಅಳತೆ ಕೇಳೋಕೆ. ಇವತ್ತು ಅವರಿಗೆ ಒಳ್ಳೇದಾಗಲಿ ಅಂತ ಸುಳ್ಳು ಹೇಳಿದ್ರೆ, ನಾಳೆ ನಿಜ ಹೇಳಿದಾಗ ಯಾರು ನಂಬ್ತಾರೆ?” ಆಂಟಿ ಮೇಲಿಂದ “ಏನ್ರೀ ಅದು ಗಲಾಟೆ?” ಅಂದರು.

ಕೊನೆಗೆ ಮೆಟ್ಟಿಲುಗಳನ್ನೇ ಅಳೆಯೋದು ಅಂತಾಯಿತು. ಅದೇ ಕಂಪನಿಯ ಇನ್ನೊಂದು ಉದ್ದ ದಂಡಿಯ ಬ್ಯಾಂಜೊ ಹಿಂದೊಮ್ಮೆ ಅವರ ಬೆಂಚಿಗೆ ಬಂದಿತ್ತು. ಅದರ ಪ್ರತಿ ಮೆಟ್ಟಿಲಿನ ಅಳತೆ ಅವರ ನೋಟ್‌ಬುಕ್ಕಿನಲ್ಲಿತ್ತು. ದಂಡಿಯ ತುದಿಯಿಂದ ಹನ್ನೆರಡನೇ ಮೆಟ್ಟಿಲಿಗೆ ಅದರಲ್ಲಿ ಹದಿನಾರು ಇಂಚು. ಇದರಲ್ಲಿ ನಾನು ಅಳೆದರೆ ಹದಿನಾರು ಇಂಚು, ಮೇಲೆ ಇಂಚಿನ ಆರನೇ ಒಂದು ಭಾಗ. “ಇನ್ನೊಂದ್ಸಲ” ಅಂದರು. ಮತ್ತೆ ಅಷ್ಟೇ. ಎಲ್ಲಾ ಮೆಟ್ಟಿಲೂ ಅದೇ ಲೆಕ್ಕದಲ್ಲಿ ಒಂದಿಷ್ಟು ಮುಂದೆ. ತಮಾಷೆ ಏನಂದರೆ ನುಡಿಸಿದರೆ ಶ್ರುತಿ ಶುದ್ಧ. ಬ್ಯಾಂಜೊದ ಕುದುರೆ ಸರಿಸೋಕೆ ಬರುತ್ತೆ, ಹೊಸ ಚರ್ಮ ಹಾಕಿದ ಮೇಲೆ ಸಾರ್ ಕಿವಿಯಿಂದಲೇ ಅದನ್ನು ತಕ್ಕಷ್ಟು ಹಿಂದಕ್ಕೆ ಇಟ್ಟಿದ್ದರು. ಸಾರ್ ತಲೆ ಕೆರೆದುಕೊಂಡರು. “ಕಂಪನಿಯವರು ಇಷ್ಟು ತಪ್ಪು ಮಾಡಲ್ಲ. ಕೈಯಲ್ಲಿ ಮಾಡೋನು ತಪ್ಪು ಮಾಡಿದ್ರೆ ಅಲ್ಲೊಂದು ಇಲ್ಲೊಂದು ಮಾಡ್ತಾನೆ. ಇಪ್ಪತ್ತೈದರಲ್ಲೂ ಒಂದೇ ತಪ್ಪನ್ನ ಇಷ್ಟು ಸರಿಯಾಗಿ ಮಾಡಿರೋನು ಯಾರಪ್ಪಾ?”

ಮುಂದಿನ ವಾರ ಬ್ಯಾಂಜೊ ತೆಗೆದುಕೊಂಡು ಅಜ್ಜಿಯ ಮನೆಗೇ ಹೋದೆವು, ಗಂಡನ ಹಳೇ ಸಾಮಾನಿನಲ್ಲಿ ಏನಾದರೂ ಸುಳಿವು ಸಿಗಬಹುದು ಅಂತ. ಅಜ್ಜಿ ಅಡುಗೆಮನೆಯಲ್ಲಿ ಕಾಫಿ ಮಾಡುತ್ತಿದ್ದರು. ನಾನು ಎಂದಿನ ಹಾಗೆ ಕ್ಯಾಲಿಪರ್, ಸ್ಕೇಲು ಎರಡನ್ನೂ ಸಾರ್ ಮನೆಯಲ್ಲೇ ಮರೆತು ಬಂದಿದ್ದೆ. ಬೈಸಿಕೊಳ್ಳೋದು ಬೇಡ ಅಂತ ಗ್ಯಾರೇಜಿನಲ್ಲಿ ಅಜ್ಜಿಯ ಗಂಡನ ಪೆಟ್ಟಿಗೆಯಲ್ಲಿದ್ದ ಒಂದು ಉದ್ದನೆಯ ಸ್ಟೀಲ್ ಸ್ಕೇಲು ತೆಗೆದು ಹನ್ನೆರಡನೇ ಮೆಟ್ಟಿಲು ಅಳೆದೆ.

“ಸಾರ್, ಹದಿನಾರು!”

“ಹೋದ ವಾರ ನೀನೇ ತಾನೆ ಆರನೇ ಒಂದು ಭಾಗ ಜಾಸ್ತಿ ಅಂದಿದ್ದು?”

“ಇವತ್ತು ಹದಿನಾರೇ ಇದೆ ಸಾರ್. ಸರಿಯಾಗಿ. ಸುಮಾರಲ್ಲ!”

ತಮ್ಮ ಜೇಬಿನಿಂದ ಪುಟ್ಟ ಟೇಪು ತೆಗೆದು ಅಳೆದರು. ಆರನೇ ಒಂದು ಭಾಗ ಜಾಸ್ತಿ. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಮಲಗಿಸಿದೆವು. ಈ ಸ್ಕೇಲಿನ ಹನ್ನೆರಡು ಇಂಚು, ಟೇಪಿನ ಹನ್ನೆರಡು ಇಂಚನ್ನು ದಾಟಿ ಎಂಟನೇ ಒಂದು ಭಾಗ ಮುಂದೆ ನಿಂತಿತ್ತು. “ಥೂ, ಖೋಟಾ ಸ್ಕೇಲು ಸಾರ್. ಬಿಸಾಕಿ” ಅಂದೆ.

ಅವರು ಬಿಸಾಕಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ತುದಿಯಲ್ಲಿದ್ದ ಸಣ್ಣ ಅಕ್ಷರ ಓದಿದರು. ಆಮೇಲೆ ನಗೋಕೆ ಶುರು ಮಾಡಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು ಕುರ್ಚಿ ಹುಡುಕಿ ಕೂತರು. ನನಗೆ ಗಾಬರಿಯಾಯಿತು.

“ಖೋಟಾ ಅಲ್ಲವೇ ಹುಚ್ಚಿ. ಇದು ಕುಗ್ಗುವ ಲೆಕ್ಕದ ಸ್ಕೇಲು. ಕರಗಿಸಿ ಹೊಯ್ದ ಕಬ್ಬಿಣ ತಣ್ಣಗಾದಾಗ ಕುಗ್ಗುತ್ತಲ್ಲ, ಅದಕ್ಕೆ ಎರಕದ ಮರದ ಅಚ್ಚನ್ನ ಮೊದಲೇ ಒಂಚೂರು ದೊಡ್ಡದು ಮಾಡಬೇಕು. ಪ್ರತಿಸಲ ಲೆಕ್ಕ ಹಾಕೋ ಬದಲು ಇಂಚನ್ನೇ ಹಿಗ್ಗಿಸಿ ಸ್ಕೇಲು ಮಾಡಿಟ್ಟಿರ್ತಾರೆ. ಅಚ್ಚು ಮಾಡೋ ಬಡಗಿ ಬಿಟ್ಟು ಬೇರೆ ಯಾವನೂ ಇದನ್ನ ಮುಟ್ಟಲ್ಲ. ಆಯಪ್ಪ ಅಳತೆ ಬರೆದುಕೊಂಡು ಬಂದ, ಬೆಂಚಿನ ಮೇಲೆ ದಿನಾ ಕೈಗೆ ಸಿಗೋ ಸ್ಕೇಲನ್ನೇ ಹಿಡಿದ, ಕೆತ್ತಿದ. ಮರ ಕುಗ್ಗಲ್ಲ ಅನ್ನೋದನ್ನೇ ಮರೆತ!”

ಮೆಕ್ಯಾನಿಕಲ್ ಎಂಜಿನಿಯರಿಂಗಿನಲ್ಲಿ ಇದೇ ಪಾಠವನ್ನು ಪರೀಕ್ಷೆಗೆ ಬರೆದು ಮಾರ್ಕ್ಸ್ ತಗೊಂಡವಳು ನಾನು. ನನ್ನ ಕೈಯಲ್ಲೇ ಇತ್ತು, ಬಿಸಾಕಿ ಅಂದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ನನ್ನ ಸಾರ್ ಬಗ್ಗೆ ಎಂಥ ಹೆಮ್ಮೆ ಅನ್ನಿಸಿತು ಅಂದರೆ, ಬೀದಿಗೆ ಹೋಗಿ ನಾಲ್ಕು ಜನರನ್ನು ನಿಲ್ಲಿಸಿ ಹೇಳಬೇಕು ಅನ್ನಿಸಿತು. ಅಂಗಡಿಯವರು ಚಿಪ್ಪಿನ ಹೂವು ನೋಡಿ ಹೇಳಿದರು. ಇವರು ಆರನೇ ಒಂದು ಇಂಚನ್ನು ಬಿಟ್ಟುಕೊಡದೆ ಕೂತು, ಸತ್ತುಹೋದ ಒಬ್ಬ ಬಡಗಿಯ ಮಾತನ್ನು ಉಳಿಸಿದರು. ಇಂಥವರ ಕೈಕೆಳಗೆ ಕಲಿತೆ ಅಂತ ನನಗೆ ಜಂಬ ಇದೆ. ಇರಲಿ ಬಿಡಿ.

ಅಜ್ಜಿ ಕಾಫಿ ತಂದರು. ಸಾರ್ ಎದ್ದು ನಿಂತು, ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು. “ಈ ದಂಡಿ ಕಂಪನಿಯದಲ್ಲ. ನಿಮ್ಮ ಗಂಡ ಮಾಡಿದ್ದು. ಅಂಗಡಿಯವರು ಹೇಳಿದ ಬೆಲೆ ಇನ್ನು ಬರೋದಿಲ್ಲ.”

ಅಜ್ಜಿ ಟ್ರೇ ಕೆಳಗಿಟ್ಟರು. ನನ್ನ ಮುಖ ನೋಡಿದರು, ಅವರ ಮುಖ ನೋಡಿದರು. “ನನಗೆ ಸಮಾಧಾನ ಆಗಲಿ ಅಂತ ಹೇಳ್ತಿಲ್ಲ ತಾನೆ?”

ನಾನು ಬಾಯಿ ತೆರೆಯುವಷ್ಟರಲ್ಲಿ ಸಾರ್ ಕೈ ಎತ್ತಿ ತಡೆದರು. ಆ ಸ್ಟೀಲ್ ಸ್ಕೇಲನ್ನು ಅಜ್ಜಿಯ ಕೈಗೆ ಕೊಟ್ಟು, ಕುಗ್ಗುವ ಇಂಚಿನ ಕಥೆಯನ್ನು ಎರಡು ಮಾತಿನಲ್ಲಿ ಹೇಳಿ, ನೋಟ್‌ಬುಕ್ಕು ತೆರೆದರು. ಅಜ್ಜಿ ಕನ್ನಡಕ ಹಾಕಿಕೊಂಡು ಬ್ಯಾಂಜೊವನ್ನು ಮೇಜಿನ ಮೇಲೆ ಮಲಗಿಸಿದರು. ಸಾರ್ ನೋಟ್‌ಬುಕ್ಕಿನಿಂದ ಕಂಪನಿಯ ದಂಡಿಯ ಅಂಕಿ ಓದೋದು, ಅಜ್ಜಿ ಗಂಡನ ಸ್ಕೇಲಿನಿಂದ ಅದೇ ಅಂಕಿ ಓದೋದು. ಮೊದಲ ಮೆಟ್ಟಿಲು, ಎರಡನೇದು, ಮೂರನೇದು. ಇಬ್ಬರದೂ ಒಂದೇ. ಮೂರು ಸಾಕು ಅಂತ ಸಾರ್ ನೋಟ್‌ಬುಕ್ಕು ಮುಚ್ಚಲು ಹೋದರು. ಅಜ್ಜಿ ಬಿಡಲಿಲ್ಲ. “ಮುಂದಿನದು ಓದಿ” ಅಂದರು. ಇಪ್ಪತ್ತೈದನ್ನೂ ಅಳೆದರು. ಕಾಫಿ ತಣ್ಣಗಾಯಿತು, ಯಾರೂ ಮುಟ್ಟಲಿಲ್ಲ. ಕೊನೆಯವರೆಗೂ ಒಂದು ಅಂಕಿಯೂ ತಪ್ಪಲಿಲ್ಲ.

ಸಾರ್ ತಮ್ಮ ವರದಿಯ ಹಾಳೆ ಮುಂದಿಟ್ಟರು. ದಂಡಿ ತಯಾರಿಸಿದವರು ಅನ್ನೋ ಕಡೆ ಅಜ್ಜಿಯೇ ಗಂಡನ ಹೆಸರು ಬರೆದರು. ಅಳತೆ ಮಾಡಿದವರು ಅನ್ನೋ ಕಡೆ ಸಾರ್ ಬೆರಳು ತೋರಿಸಿದರು. ಅಜ್ಜಿ ಅಲ್ಲಿ ತಮ್ಮ ಹೆಸರು ಬರೆದು ಸಹಿ ಹಾಕಿದರು. ಆಮೇಲೆ ಗೋಡೆಯ ಫೋನು ತೆಗೆದು ನೇಪರ್‌ವಿಲ್‌ಗೆ ಹಚ್ಚಿದರು. ಮಗ ಹಲೋ ಅಂದಿದ್ದು ನಮಗೂ ಕೇಳಿಸಿತು.

“ನಿಮ್ಮಪ್ಪ ಸುಳ್ಳು ಹೇಳಿಲ್ಲ ಕಣೋ” ಅಂದರು ಅಜ್ಜಿ. “ನಾನೇ ಅಳೆದು ನೋಡಿದೆ.”